ಹೊಳೆಯಾಚೆಯ ಸಂಜೆ ಪಾಠ: ಖಾಸಗಿಯಾಗಿ ಎಸ್‌ಎಸ್‌ಎಲ್‌ಸಿ ಕಟ್ಟಿದವರಿಗೆ ರಾಜ್ಯಶಾಸ್ತ್ರ ಕಲಿಸಿದ ವರ್ಷ

ಅರ್ಧಕ್ಕೆ ಶಾಲೆ ಬಿಟ್ಟು, ಮದುವೆ, ಮಕ್ಕಳು, ಕೂಲಿ ಎಲ್ಲ ಆದ ಮೇಲೆ ಖಾಸಗಿಯಾಗಿ ಎಸ್‌ಎಸ್‌ಎಲ್‌ಸಿ ಕಟ್ಟುವವರಿಗೆ ಸಮಾಜ ವಿಜ್ಞಾನ ಹೇಳಿಕೊಡುವ ಕೆಲಸವನ್ನು ಒಂದು ವರ್ಷ ಪೂರ್ತಿ ಮಾಡಿ ಈಗಷ್ಟೇ ಮುಗಿಸಿದ್ದೇನೆ. ಶುರು ಮಾಡುವಾಗ ಯಾರನ್ನು ಕೇಳಬೇಕೆಂದೇ ತಿಳಿದಿರಲಿಲ್ಲ. ಹೈಸ್ಕೂಲು ಮಕ್ಕಳಿಗೆ ಪಾಠ ಮಾಡಿದ ಅನುಭವ ಇತ್ತು, ಆದರೆ ಮೂವತ್ತು ನಲವತ್ತು ದಾಟಿದವರನ್ನು ಕೂರಿಸಿಕೊಂಡು ಸಂವಿಧಾನ, ಸರ್ಕಾರ, ಚುನಾವಣೆ ಎಂದು ಹೇಳುವುದು ಬೇರೆಯೇ ಕೆಲಸ. ನಿಮ್ಮ ಊರಲ್ಲೂ ಯಾರಾದರೂ ಇಂಥದ್ದಕ್ಕೆ ಕೈ ಹಾಕಿದರೆ ಅವರಿಗೆ ಅನುಕೂಲವಾಗಲಿ ಎಂದು ನಡೆದದ್ದನ್ನೆಲ್ಲ ಬರೆಯುತ್ತಿದ್ದೇನೆ.

ನಮ್ಮದು ಸಾಗರ ತಾಲ್ಲೂಕಿನ ಹೊಳೆಯಾಚೆಯ ಕಡೆ, ಶರಾವತಿ ಹಿನ್ನೀರಿನ ಆಚೆ ದಂಡೆ. ಸ್ವಸಹಾಯ ಸಂಘದ ಸಭೆಯೊಂದರಲ್ಲಿ ಮಾತು ಹುಟ್ಟಿತು. ಅಂಗನವಾಡಿ ಸಹಾಯಕಿ ಕೆಲಸಕ್ಕೆ ಅರ್ಜಿ ಹಾಕಬೇಕೆಂದರೂ ಎಸ್‌ಎಸ್‌ಎಲ್‌ಸಿ ಬೇಕು ಅಂತಾರೆ, ನಾವು ಏಳಕ್ಕೇ ಬಿಟ್ಟವರು, ಈಗ ಬರೆಯಲು ಬರುತ್ತದಾ ಎಂದು ಒಬ್ಬಳು ತಂಗಿ ಕೇಳಿದಳು. ಬರುತ್ತದೆ, ವಯಸ್ಸಿನ ಮೇಲ್ಮಿತಿ ಇಲ್ಲ ಎಂದೆ. ವಾರದೊಳಗೆ ಸುದ್ದಿ ಹರಡಿ ಸಣ್ಣದೊಂದು ಗುಂಪಾಯಿತು. ಸಾರಿಗೆ ಸಂಸ್ಥೆಯಲ್ಲಿ ಡ್ರೈವರ್ ಆಗುವ ಆಸೆಯ ಹುಡುಗ, ತೋಟದ ಕೆಲಸದ ನಾಲ್ಕಾರು ಹೆಂಗಸರು, ಹೊಲಿಗೆ ಮಾಡುವ ಒಬ್ಬರು. ಎಲ್ಲರಿಗಿಂತ ಹೆಚ್ಚು ನಾನು ಖುಷಿಪಟ್ಟಿದ್ದು ಗ್ರಾಮ ಪಂಚಾಯ್ತಿ ಸದಸ್ಯೆಯೊಬ್ಬರು ಬಂದು ಕೂತಾಗ. ಅವರ ಅವಧಿ ಇನ್ನೇನು ಮುಗಿಯುವುದರಲ್ಲಿತ್ತು. "ಐದು ವರ್ಷ ಸಹಿ ಹಾಕಿದ್ದೀನಿ ಮೇಡಂ, ಎಂತಕ್ಕೆ ಹಾಕಿದೆ ಅಂತ ಈಗಾದ್ರೂ ಗೊತ್ತಾಗ್ಲಿ" ಅಂದರು. ಕನ್ನಡ, ಇಂಗ್ಲಿಷ್, ಗಣಿತ, ವಿಜ್ಞಾನಕ್ಕೆ ಊರಿನ ಬೇರೆಯವರು ಒಪ್ಪಿಕೊಂಡರು. ಸಮಾಜ ವಿಜ್ಞಾನ ನನ್ನ ಪಾಲಿಗೆ ಬಂತು.

ಪಾಠಕ್ಕಿಂತ ಮೊದಲು ಕಾಗದ ಪತ್ರ. ಈ ಮಾತನ್ನು ದಯವಿಟ್ಟು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಖಾಸಗಿ ಅಭ್ಯರ್ಥಿಗಳ ನೋಂದಣಿಗೆ ಪರೀಕ್ಷಾ ಮಂಡಳಿ ಪ್ರಕಟಣೆ ಹೊರಡಿಸಿದ ಮೇಲೆ ಕೈಯಲ್ಲಿ ಉಳಿಯುವ ಸಮಯ ಸ್ವಲ್ಪ, ಆ ಸಮಯದಲ್ಲಿ ಹಳೇ ಶಾಲೆಯ ಟಿ.ಸಿ. ಹುಡುಕಿಕೊಂಡು ಹೊರಟರೆ ಆಗುವುದಿಲ್ಲ. ನಮ್ಮ ಗುಂಪಿನಲ್ಲಿ ಒಬ್ಬರು ಓದಿದ ಶಾಲೆಯೇ ಈಗ ಇಲ್ಲ, ಮಕ್ಕಳಿಲ್ಲದೆ ಮುಚ್ಚಿ ದಾಖಲೆಗಳೆಲ್ಲ ಪಕ್ಕದ ಶಾಲೆಗೆ ಹೋಗಿವೆ. ಆ ಶಾಲೆಯವರು ಇನ್ನೊಂದು ಕಡೆ ಕೇಳಿ ಎಂದರು, ಅಲ್ಲಿಯವರು ವಾಪಸು ಇಲ್ಲಿಗೇ ಕಳಿಸಿದರು. ಕೊನೆಗೆ ಗೆದ್ದಲು ಹಿಡಿದ ದಾಖಲಾತಿ ರಿಜಿಸ್ಟರಿನಲ್ಲಿ ಅವರ ಹೆಸರು ಸಿಕ್ಕಾಗ ಅವರು ಆ ಸಾಲಿನ ಮೇಲೆ ಬೆರಳಿಟ್ಟು ಸುಮಾರು ಹೊತ್ತು ತೆಗೆಯಲೇ ಇಲ್ಲ. ಅಪ್ಪನ ಹೆಸರು, ಹುಟ್ಟಿದ ತಾರೀಕು, ಬಿಟ್ಟ ಕಾರಣದ ಕಾಲಂನಲ್ಲಿ 'ಮನೆಗೆಲಸ' ಎಂದು ನೀಲಿ ಶಾಯಿಯಲ್ಲಿ ಬರೆದಿತ್ತು.

ಹೆಸರಿನ ವ್ಯತ್ಯಾಸ ಇನ್ನೊಂದು ತಲೆನೋವು. ಶಾಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಕೊನೆಗೆ 'ಅಮ್ಮ' ಸೇರಿದ ಇನ್ನೊಂದು ಹೆಸರು, ರೇಷನ್ ಕಾರ್ಡಿನಲ್ಲಿ ಗಂಡನ ಇನಿಶಿಯಲ್. ಅಂಕಪಟ್ಟಿಯಲ್ಲಿ ಒಮ್ಮೆ ತಪ್ಪು ಬಿದ್ದರೆ ತಿದ್ದಿಸುವುದು ಪರೀಕ್ಷೆಗಿಂತ ಕಷ್ಟ, ಹಾಗಾಗಿ ಅರ್ಜಿ ಹಾಕುವ ಮೊದಲೇ ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ಛಾಪಾ ಕಾಗದ, ನೋಟರಿ, ಫೋಟೋ, ಜೆರಾಕ್ಸ್ ಎಲ್ಲ ಸೇರಿ ಆಗುವ ಖರ್ಚು ದೊಡ್ಡದಲ್ಲ. ದೊಡ್ಡದೆಂದರೆ ಸಾಗರಕ್ಕೆ ಹೋದ ದಿನ ತಪ್ಪುವ ಕೂಲಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರು ಯಾವತ್ತೋ ಬಂದ್ ಆಗಿದ್ದು ಒಟಿಪಿ ಬಾರದೆ ವಾಪಸು ಬಂದವರೂ ಇದ್ದಾರೆ. ಆದ್ದರಿಂದ ಮೊದಲು ನಂಬರು ಸರಿ ಮಾಡಿಸಿ, ಆಮೇಲೆ ಉಳಿದದ್ದು.

ಈ ಓಡಾಟವನ್ನೇ ನಾನು ಮೊದಲ ಪಾಠ ಮಾಡಿಕೊಂಡೆ. ಜಾತಿ, ಆದಾಯ ಪ್ರಮಾಣ ಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಾಗ ಒಂದು ಸ್ವೀಕೃತಿ ಚೀಟಿ ಕೊಡುತ್ತಾರೆ. ಹೆಚ್ಚಿನವರು ಅದನ್ನು ಮಡಿಸಿ ರವಿಕೆಯೊಳಗೆ ಇಟ್ಟು ಮರೆತುಬಿಡುತ್ತಾರೆ. ಆ ಚೀಟಿಗಳನ್ನೆಲ್ಲ ತರಿಸಿ ಬೆಂಚಿನ ಮೇಲೆ ಹರಡಿದೆ. ಇದು ಸಕಾಲ, 2011ರ ಕಾಯ್ದೆ, ರಾಜ್ಯದ ತುಂಬ ಜಾರಿಯಾದದ್ದು 2012ರ ಏಪ್ರಿಲ್‌ನಲ್ಲಿ, ಇಂಥ ಸೇವೆಯನ್ನು ಇಷ್ಟು ದಿನದಲ್ಲಿ ಕೊಡಲೇಬೇಕು ಎಂದು ಸರ್ಕಾರ ತನಗೆ ತಾನೇ ಹಾಕಿಕೊಂಡ ಗಡುವು, ತಡವಾದರೆ ಮೇಲ್ಮನವಿ ಹಾಕಬಹುದು ಎಂದು ವಿವರಿಸಿದೆ. ಕಾನೂನು ಮಾಡಿದ್ದು ಯಾರು? ವಿಧಾನಸಭೆ, ವಿಧಾನ ಪರಿಷತ್ತು. ಜಾರಿ ಮಾಡಬೇಕಾದ್ದು ಯಾರು? ಕಚೇರಿಯಲ್ಲಿ ಕೂತವರು. ಸರಿಯಾಗಿ ಮಾಡದಿದ್ದರೆ ಹೋಗುವುದೆಲ್ಲಿಗೆ? ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂಬ ಮೂರು ಮಾತು ಆ ಚೀಟಿಯ ಮೇಲೇ ಕೂತವು. ಬೋರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಿಸಿದ್ದರೆ ಮರುದಿನಕ್ಕೆ ಉಳಿಯುತ್ತಿರಲಿಲ್ಲ ಎಂಬುದು ನನಗೆ ಖಾತ್ರಿ.

ಪುಸ್ತಕದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ದೊಡ್ಡ ತೊಡಕು ಇರುವುದು ಅಲ್ಲೇ. ಹತ್ತನೇ ತರಗತಿಯ ರಾಜ್ಯಶಾಸ್ತ್ರ ಭಾಗದಲ್ಲಿ ಭಾರತದ ಸವಾಲುಗಳು, ವಿದೇಶಾಂಗ ನೀತಿ, ಬೇರೆ ದೇಶಗಳೊಂದಿಗಿನ ಸಂಬಂಧ, ಜಾಗತಿಕ ಸಮಸ್ಯೆಗಳು, ವಿಶ್ವಸಂಸ್ಥೆ ಇವು ಇವೆ. ಸಂವಿಧಾನ, ಕೇಂದ್ರ ಸರ್ಕಾರ, ರಾಜ್ಯ ಸರ್ಕಾರ, ನ್ಯಾಯಾಂಗ, ಚುನಾವಣೆ ಇವೆಲ್ಲ ಒಂಬತ್ತನೇ ತರಗತಿಯಲ್ಲಿ ಬಂದು ಹೋಗಿರುತ್ತವೆ. ಸ್ಥಳೀಯ ಸರ್ಕಾರ, ಪೌರತ್ವ ಎಂಟರಲ್ಲಿ. ಶಾಲೆಯಲ್ಲಿ ಕ್ರಮವಾಗಿ ಬಂದ ಮಕ್ಕಳಿಗೆ ಇದು ಸರಿಯೇ. ಏಳಕ್ಕೆ ಬಿಟ್ಟು ನೇರ ಹತ್ತನ್ನು ಕಟ್ಟುವವರ ಗತಿ? ಸಂಸತ್ತು ಎಂದರೇನು ಎಂದು ಯಾರೂ ಹೇಳಿಕೊಡದೆ ಪಂಚಶೀಲ ತತ್ವಗಳನ್ನು ಓದಬೇಕಾಗುತ್ತದೆ. ಪರೀಕ್ಷೆಗೆ ಇಲ್ಲದ್ದನ್ನು ಯಾಕೆ ಮಾಡ್ತೀರಿ, ಸಮಯ ಸಾಲದು ಎಂದು ಕೆಲವರು ನನಗೆ ಹೇಳಿದರು. ನಾನು ಒಪ್ಪಲಿಲ್ಲ. ಎಂಟು ಮತ್ತು ಒಂಬತ್ತರ ರಾಜ್ಯಶಾಸ್ತ್ರವನ್ನು ಮಳೆಗಾಲ ಪೂರ್ತಿ ಮಾಡಿ, ಹತ್ತರ ಪುಸ್ತಕವನ್ನು ದಸರಾ ಹತ್ತಿರಕ್ಕೆ ತೆರೆದೆ. ಇದೊಂದು ತೀರ್ಮಾನವೇ ಉಳಿದ ಎಲ್ಲವನ್ನೂ ಸುಲಭ ಮಾಡಿತು. ಯಾರಾದರೂ ಇಂಥ ತರಗತಿ ಮಾಡುವುದಾದರೆ ನನ್ನ ಕಡೆಯಿಂದ ಒಂದೇ ಒತ್ತಾಯ: ಒಂಬತ್ತರ ಪುಸ್ತಕವನ್ನು ಬಿಟ್ಟು ಮುಂದೆ ಹೋಗಬೇಡಿ.

ಇನ್ನೊಂದು ಎಚ್ಚರಿಕೆ. ಅಕ್ಕಪಕ್ಕದ ಮನೆಯ ಮಕ್ಕಳ ಹಳೇ ಪುಸ್ತಕ, ಹಳೇ ನೋಟ್ಸ್ ನಂಬಬೇಡಿ. ಸಮಾಜ ವಿಜ್ಞಾನದ ಪಠ್ಯ 2022ರಲ್ಲೂ 2023ರಲ್ಲೂ ಪರಿಷ್ಕರಣೆಯಾಗಿದೆ. ಆ ವರ್ಷದ್ದೇ ಪುಸ್ತಕವನ್ನು ಪಠ್ಯಪುಸ್ತಕ ಸಂಘದ ಜಾಲತಾಣದಿಂದ ಇಳಿಸಿಕೊಳ್ಳಿ, ಬೇಕಾದ ಪುಟಗಳನ್ನಷ್ಟೇ ಪ್ರಿಂಟ್ ಮಾಡಿಸಿ. ಮಾದರಿ ಪ್ರಶ್ನೆಪತ್ರಿಕೆ ತೆಗೆಯುವಾಗಲೂ ಖಾಸಗಿ ಅಭ್ಯರ್ಥಿಗಳದೇ ಹೌದಾ ನೋಡಿ. ಶಾಲೆಗೆ ಹೋಗುವ ಮಕ್ಕಳಿಗೆ 20 ಆಂತರಿಕ ಅಂಕಗಳ ಆಸರೆ ಇರುತ್ತದೆ, ಇವರಿಗೆ ಅದಿಲ್ಲ. ಬರೆದದ್ದಷ್ಟೇ ಅಂಕ.

ಸ್ಥಳೀಯ ಸರ್ಕಾರದ ಪಾಠಕ್ಕೆ ಸದಸ್ಯೆ ಅಕ್ಕನನ್ನೇ ಮುಂದೆ ಕೂರಿಸಿದೆ. ಪಂಚಾಯ್ತಿಗಳಿಗೆ ಸಂವಿಧಾನದಲ್ಲೇ ಜಾಗ ಕೊಟ್ಟ 73ನೇ ತಿದ್ದುಪಡಿ 1992ರಲ್ಲಿ, ಜಾರಿಗೆ ಬಂದದ್ದು 1993ರ ಏಪ್ರಿಲ್ 24ರಂದು, ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯ್ದೆಯೂ 1993ರದ್ದೇ. ಇವನ್ನು ಹೇಳಿ ಮುಗಿಸಿ, ನಿಮ್ಮ ಪಂಚಾಯ್ತಿಯಲ್ಲಿ ಎಷ್ಟು ಮಂದಿ ಸದಸ್ಯರು ಎಂದು ಕೇಳಿದೆ. 400 ಜನಸಂಖ್ಯೆಗೆ ಒಬ್ಬರಂತೆ ಸದಸ್ಯರಿರುತ್ತಾರೆ ಎಂದು ಹೇಳಿದ ಕೂಡಲೇ ಅವರೇ ಲೆಕ್ಕ ಹಾಕಿ ಪಂಚಾಯ್ತಿಯ ಜನಸಂಖ್ಯೆ ಅಂದಾಜು ಮಾಡಿದರು. ಬಯಲುಸೀಮೆಯ ಪಂಚಾಯ್ತಿಗಳು ಇಷ್ಟು ದೊಡ್ಡದಿರುತ್ತವೆ, ನಮ್ಮದು ಯಾಕೆ ಸಣ್ಣದು ಎಂದು ಹುಡುಗ ಕೇಳಿದ. ಬೇರೆ ಕಡೆ 5,000ದಿಂದ 7,000 ಜನಕ್ಕೆ ಒಂದು ಪಂಚಾಯ್ತಿ ಎಂದಿರುವ ಕಾಯ್ದೆ ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು, ಉತ್ತರ ಕನ್ನಡದಂಥ ಜಿಲ್ಲೆಗಳಿಗೆ 2,500 ಇದ್ದರೂ ಸಾಕು ಎಂದು ವಿನಾಯಿತಿ ಕೊಟ್ಟಿದೆ. ಒಂದು ಮನೆಯಿಂದ ಇನ್ನೊಂದು ಮನೆಗೆ ಗುಡ್ಡ ಹತ್ತಿ ಇಳಿಯಬೇಕಾದ ನಮ್ಮಂಥ ಕಡೆಯ ಕಷ್ಟ ಕಾನೂನು ಬರೆದವರಿಗೆ ಗೊತ್ತಿತ್ತು ಎಂದು ತಿಳಿದಾಗ ಅವರ ಮುಖದಲ್ಲಿ ಕಂಡ ಸಮಾಧಾನ ನನಗೂ ಸಮಾಧಾನ ಕೊಟ್ಟಿತು.

ಅದೇ ವಾರ ಸದಸ್ಯೆ ಅಕ್ಕ ಇನ್ನೊಂದು ಪ್ರಶ್ನೆ ತಂದರು. "ನಮ್ಮ ಎಲೆಕ್ಷನ್‌ನಾಗೆ ಚೀಟಿಗೆ ಸೀಲು ಒತ್ತಿದ್ರು, ಎಂಎಲ್‌ಎ ಎಲೆಕ್ಷನ್‌ನಾಗೆ ಮಿಷನ್ನು. ಎಂತಕ್ಕೆ ಹಂಗೆ?" ಪಂಚಾಯ್ತಿ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ, ವಿಧಾನಸಭೆ ಲೋಕಸಭೆ ನಡೆಸುವುದು ಭಾರತ ಚುನಾವಣಾ ಆಯೋಗ, ಎರಡೂ ಬೇರೆ ಬೇರೆ ಎಂಬುದು ಓದಿದವರಿಗೂ ಅನೇಕರಿಗೆ ಗೊತ್ತಿರುವುದಿಲ್ಲ. ಮತದಾರರ ಪಟ್ಟಿ ತೆರೆದು ಎಲ್ಲರ ಹೆಸರು ಹುಡುಕಿದೆವು. ಒಬ್ಬಳ ಹೆಸರು ಇರಲಿಲ್ಲ, ಅವಳಿಗೆ ನಮೂನೆ 6. ಇನ್ನೊಬ್ಬಳ ಹೆಸರು ತವರಿನ ಊರಲ್ಲೇ ಉಳಿದಿತ್ತು, ಅವಳಿಗೆ ನಮೂನೆ 8. ತರಗತಿಯಲ್ಲೇ ತುಂಬಿಸಿ ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿಯ ಕೈಗೆ ಕೊಟ್ಟೆವು. ನಮ್ಮ ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿದ್ದು ಏಳು ಮಾತ್ರ ಶಿವಮೊಗ್ಗ ಜಿಲ್ಲೆಯವು, ಎಂಟನೆಯದು ಘಟ್ಟದ ಕೆಳಗಿನ ಬೈಂದೂರು ಎಂದಾಗ ನಂಬದೆ ನಕ್ಷೆ ತರಿಸಿ ನೋಡಿದರು.

ಕೇಂದ್ರ, ರಾಜ್ಯ ಅಧಿಕಾರ ಹಂಚಿಕೆ ಎಂಬ ಪಾಠವಿದೆ. ಮೂರು ಪಟ್ಟಿಗಳು: ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಇಬ್ಬರೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿ. ಶಾಲೆಯಲ್ಲಿ ಮಕ್ಕಳು ಇದನ್ನು ಉರು ಹೊಡೆದು ಮರೆಯುವುದನ್ನು ಎಷ್ಟೋ ಸಲ ನೋಡಿದ್ದೇನೆ. ಆದರೆ ನಮ್ಮ ಪಾಲಿಗೆ ಅದೇ ಮಳೆಗಾಲದಲ್ಲಿ, 2025ರ ಜುಲೈ 14ರಂದು, ನಮ್ಮ ಹಿನ್ನೀರಿನ ಮೇಲಿನ ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಅಲ್ಲಿವರೆಗೆ ಹೊಳೆಬಾಗಿಲಿನಲ್ಲಿ ಲಾಂಚ್ ಕಾದು ಕಾದು ಬೆಳೆದವರು ನಾವೆಲ್ಲ. ಕೊನೇ ಲಾಂಚ್ ತಪ್ಪಿದರೆ ಆ ದಂಡೆಯಲ್ಲೇ ರಾತ್ರಿ. ಹೆರಿಗೆ ನೋವು ಬಂದ ಹೆಂಗಸನ್ನು ಕೂರಿಸಿಕೊಂಡು ಲಾಂಚ್ ದಾರಿ ಕಾದ ಕಥೆ ಪ್ರತಿ ಮನೆಯಲ್ಲೂ ಇದೆ. ಲಾಂಚ್ ನಡೆಸುತ್ತಿದ್ದುದು ರಾಜ್ಯದ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆ, ಸೇತುವೆಗೆ ದುಡ್ಡು ಕೊಟ್ಟದ್ದು ಕೇಂದ್ರದ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯ. ಯಾಕೆ ಹೀಗೆ ಎಂದು ಆ ಮೂರು ಪಟ್ಟಿಗಳಿರುವ ಸಂವಿಧಾನದ ಏಳನೇ ಅನುಸೂಚಿ ತೆಗೆದೆವು. ರಾಷ್ಟ್ರೀಯ ಹೆದ್ದಾರಿ ಕೇಂದ್ರ ಪಟ್ಟಿಯಲ್ಲಿದೆ. ರಾಜ್ಯ ಪಟ್ಟಿಯ 13ನೇ ನಮೂದಿನಲ್ಲಿ ರಸ್ತೆ, ಸೇತುವೆಗಳ ಜೊತೆಗೇ ದೋಣಿ ಕಡವು ಎಂದೂ ಇದೆ. ನಮ್ಮ ಲಾಂಚು ಸಂವಿಧಾನದೊಳಗೆ ಬರೆದಿದೆ ಎಂದು ಒಬ್ಬರು ಗಟ್ಟಿಯಾಗಿ ಓದಿದರು. ಮಲೆನಾಡಿನವರಿಗೆ ತಿಳಿದಿರಬೇಕಾದ ಇನ್ನೊಂದು ಸಂಗತಿಯನ್ನೂ ಅಂದೇ ಹೇಳಿದೆ. ಅರಣ್ಯ ಮತ್ತು ಶಿಕ್ಷಣ ಎರಡೂ ಮೊದಲು ರಾಜ್ಯ ಪಟ್ಟಿಯಲ್ಲಿದ್ದವು, 1976ರ 42ನೇ ತಿದ್ದುಪಡಿಯಲ್ಲಿ ಸಮವರ್ತಿ ಪಟ್ಟಿಗೆ ಹೋದವು. ಕಾಡಿನ ಅಂಚಿನ ಜಮೀನಿನ ವಿಷಯ ಬಂದಾಗಲೆಲ್ಲ ಬೆಂಗಳೂರಿನವರು ದಿಲ್ಲಿ ಕಡೆ, ದಿಲ್ಲಿಯವರು ಬೆಂಗಳೂರಿನ ಕಡೆ ಯಾಕೆ ನೋಡುತ್ತಾರೆ ಎಂಬುದಕ್ಕೆ ಇದೂ ಒಂದು ಕಾರಣ.

ಜಮೀನಿನ ಮಾತು ಬಂದರೆ ನಮ್ಮ ಕಡೆ ತರಗತಿ ತರಗತಿಯಾಗಿ ಉಳಿಯುವುದಿಲ್ಲ, ಅದಕ್ಕೆ ಸಿದ್ಧರಾಗಿ ಹೋಗಿ. ಮೊದಲು ಕಾಗೋಡಿನಿಂದ ಶುರು ಮಾಡಿದೆ. ಸಾಗರದ ಹತ್ತಿರದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಎದ್ದದ್ದು ಗೇಣಿ ಭತ್ತ ಅಳೆಯುವ ಕೊಳಗದ ಅಳತೆಯ ಮೇಲೆ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಇಲ್ಲಿಗೆ ಬಂದು ಬಂಧನವಾದರು. ಮರುವರ್ಷದ ಮೊದಲ ಚುನಾವಣೆಯಲ್ಲಿ ಶಾಂತವೇರಿ ಗೋಪಾಲಗೌಡರು ಇಲ್ಲಿಂದ ಶಾಸಕರಾದರು. ಗೇಣಿದಾರರಿಗೇ ಭೂಮಿ ಕೊಡುವ ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಒಂದು ಕೊಳಗದ ಜಗಳ ವಿಧಾನಸಭೆ ತಲುಪಿ ಕಾನೂನಾಗಲು ಎರಡು ದಶಕ ಹಿಡಿಯಿತು ಎಂದು ಹೇಳುತ್ತಿದ್ದಂತೆ ಹೊಲಿಗೆಯ ಅಕ್ಕ ಎದ್ದು, ಅಜ್ಜನ ಹೆಸರಿಗೆ ಬಂದ ಭೂ ನ್ಯಾಯ ಮಂಡಳಿಯ ಆದೇಶ ಇನ್ನೂ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿದೆ ಎಂದರು. ಮಾರನೇ ದಿನ ತಂದರು. ಮಡಿಕೆಯ ಗೆರೆಗಳಲ್ಲಿ ಹರಿದು, ಪ್ಲಾಸ್ಟಿಕ್ ಕವರಿನೊಳಗೆ ಮೂರು ತುಂಡಾಗಿದ್ದ ಕಾಗದ. ಎಲ್ಲರೂ ಅದನ್ನು ಕೈಯಿಂದ ಕೈಗೆ ದಾಟಿಸಿ ಓದಿದರು.

ಆದರೆ ಗುಂಪಿನಲ್ಲಿ ಮುಳುಗಡೆ ಕುಟುಂಬದವರೂ ಇದ್ದರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ನೀರು ನಿಂತಾಗ ಮನೆ ತೋಟ ಬಿಟ್ಟು ಕಾಡಿಗೆ ಬಂದವರ ಮೊಮ್ಮಕ್ಕಳು. ಅವರಲ್ಲಿ ಎಷ್ಟೋ ಮನೆಗೆ ಇವತ್ತಿಗೂ ಹಕ್ಕುಪತ್ರ ಇಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯನ್ನು ವಿವರಿಸುತ್ತಾ, ಪರಿಶಿಷ್ಟ ಪಂಗಡದವರಲ್ಲದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿದ್ದದ್ದಕ್ಕೆ ಸಾಕ್ಷ್ಯ ಕೊಡಬೇಕು ಎಂದೆ. ಹಿಂದಿನ ಬೆಂಚಿನಿಂದ ಒಬ್ಬರು ಕೇಳಿದರು: "ಮುಳುಗಿಸಿ ಇಲ್ಲಿಗೆ ಕಳ್ಸಿದ್ದೂ ಸರ್ಕಾರ, ಎಪ್ಪತ್ತೈದು ವರ್ಷದ್ದು ತನ್ನಿ ಅನ್ನೂದೂ ಸರ್ಕಾರ. ನಾವು ಎಲ್ಲಿಂದ ತರೂದು ಮೇಡಂ?"

ಇದಕ್ಕೆ ಪುಸ್ತಕದಲ್ಲಿ ಉತ್ತರ ಇಲ್ಲ. ಗಂಟಲು ಕಟ್ಟಿಬಂತು. ಆದರೂ ಕಾನೂನಿನೊಳಗೆ ಇರುವ ದಾರಿಯನ್ನು ಹೇಳದೆ ಬಿಡಲಿಲ್ಲ. ಅರ್ಜಿ ಮೊದಲು ಹೋಗುವುದು ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗೆ, ಗ್ರಾಮಸಭೆ ನಿರ್ಣಯ ಮಾಡುತ್ತದೆ, ಮೇಲೆ ಉಪವಿಭಾಗ ಮಟ್ಟದ ಸಮಿತಿ, ಅದರ ಮೇಲೆ ಜಿಲ್ಲಾ ಸಮಿತಿ. ಗ್ರಾಮಸಭೆಯ ನಿರ್ಣಯ ಒಪ್ಪಿಗೆಯಾಗದಿದ್ದರೆ 60 ದಿನದೊಳಗೆ ಉಪವಿಭಾಗ ಸಮಿತಿಗೆ ಹೋಗಬೇಕು. ಆ 60 ದಿನ ಗೊತ್ತಿಲ್ಲದೆ ಸುಮ್ಮನೆ ಕೂತ ಮನೆಗಳು ನಮ್ಮ ಸುತ್ತ ಇವೆ. ಕಾನೂನು ನೆರವಿನ ವಿಷಯವೂ ಆಗಲೇ ಬಂತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ, ತಾಲ್ಲೂಕು ಸಮಿತಿ ಸಾಗರದ ನ್ಯಾಯಾಲಯದಲ್ಲೇ ಇದೆ ಎಂದಾಗ ಇಡೀ ತರಗತಿ ಬರೆದುಕೊಂಡಿತು. ನಾನು ಬರೆದುಕೊಳ್ಳಿ ಎಂದು ಹೇಳಿಯೇ ಇರಲಿಲ್ಲ.

ಅಂಥ ದಿನಗಳಲ್ಲಿ ಪಾಠದ ಯೋಜನೆ ಪಕ್ಕಕ್ಕಿಟ್ಟು ಅವರ ಮಾತು ಪೂರ್ತಿ ಕೇಳಿ. ಮಾರನೇ ದಿನ ಪುಸ್ತಕಕ್ಕೆ ವಾಪಸು ಬರಲು ಅವರೇ ಸಿದ್ಧರಿರುತ್ತಾರೆ.

ಮಳೆಗಾಲ ಮುಗಿದ ಮೇಲೆ ಬಂದ ಅಡ್ಡಿ ಬೇರೆ. ಮಳೆಯಲ್ಲಿ ಕರೆಂಟು ಹೋಗಿ, ಹಂಚಿನ ಮೇಲೆ ಬೀಳುವ ಸದ್ದಿಗೆ ನನ್ನ ಮಾತೇ ಕೇಳದೆ ಪಾಠ ನಿಂತದ್ದಿದೆ, ಆದರೆ ಜನ ಬರುತ್ತಿದ್ದರು. ಅಡಿಕೆ ಗೊನೆಯ ಕೊಯ್ಲು ಶುರುವಾದದ್ದೇ ತರಗತಿ ಖಾಲಿ. ಅಡಿಕೆ ಸುಲಿಯುವುದು ರಾತ್ರಿಯವರೆಗೂ ನಡೆಯುತ್ತದೆ, ವರ್ಷದಲ್ಲಿ ಕೈಗೆ ನಾಲ್ಕು ಕಾಸು ಕಾಣುವ ಕಾಲ ಅದು, ಬಿಟ್ಟು ಬನ್ನಿ ಎನ್ನಲು ಬಾಯಿ ಬರುವುದಿಲ್ಲ. ಹಾಗಾಗಿ ಸುಲಿಯುವ ಅಂಗಳಕ್ಕೇ ಹೋದೆ. ಮೆಟ್ಟುಗತ್ತಿಯ ಮುಂದೆ ಕೂತು ಅವರ ಕೈ ನಡೆಯುತ್ತಿತ್ತು, ನಾನು ಓದಿ ಹೇಳುತ್ತಿದ್ದೆ.

ವಿದೇಶಾಂಗ ನೀತಿಯನ್ನು ಕಲಿಸಿದ್ದು ಅಲ್ಲೇ, ಅಡಿಕೆ ರಾಶಿಯ ಪಕ್ಕ. ಹೊರದೇಶದ ಅಡಿಕೆ ಒಳಗೆ ಬಂದರೆ ನಮ್ಮ ದರ ಬೀಳುತ್ತದೆ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಅದನ್ನು ತಡೆಯಲು ಕೇಂದ್ರ ಸರ್ಕಾರ ಆಮದು ಅಡಿಕೆಗೆ ಕನಿಷ್ಠ ಬೆಲೆ ಗೊತ್ತು ಮಾಡುತ್ತದೆ, 2023ರ ಫೆಬ್ರವರಿಯಲ್ಲಿ ಕಿಲೋಗೆ 251 ಇದ್ದದ್ದನ್ನು 351 ರೂಪಾಯಿಗೆ ಏರಿಸಿತು. ಭೂತಾನಿನಿಂದ ಮಾತ್ರ 17,000 ಟನ್ ಹಸಿ ಅಡಿಕೆಗೆ ಆ ನಿರ್ಬಂಧವಿಲ್ಲದೆ ಒಪ್ಪಿಗೆ ಕೊಟ್ಟಿತು. ಭೂತಾನಿಗೆ ಯಾಕೆ ಆ ರಿಯಾಯಿತಿ ಎಂಬ ಪ್ರಶ್ನೆ ತಾನಾಗಿ ಬಂತು. ನೆರೆಹೊರೆಯ ದೇಶದ ಜೊತೆ ಸ್ನೇಹ, ವ್ಯಾಪಾರ ಒಪ್ಪಂದ, ಗಡಿ, ನಮ್ಮ ಬೆಳೆಗಾರನ ಹಿತ, ಇವನ್ನೆಲ್ಲ ಒಟ್ಟಿಗೆ ತೂಗುವುದೇ ವಿದೇಶಾಂಗ ನೀತಿ ಎಂದು ಹೇಳಲು ನಾನು ಹೆಚ್ಚು ಕಷ್ಟಪಡಬೇಕಾಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಗೂ ಅದೇ ದಾರಿ. ಅದರ ಅಡಿಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿರುವುದು, ಅದಕ್ಕೆ ಬೆಳೆಗಾರರ ವಿರೋಧ, ಎರಡನ್ನೂ ಇದ್ದ ಹಾಗೆ ಹೇಳಿದೆ. ಯುನೆಸ್ಕೊ ಎಂದರೆ ಪಶ್ಚಿಮ ಘಟ್ಟ ವಿಶ್ವ ಪರಂಪರೆ ಪಟ್ಟಿಗೆ ಸೇರಿದ 2012. ಪಂಚಶೀಲದ 1954, ವಿಶ್ವಸಂಸ್ಥೆಯ 1945ರ ಅಕ್ಟೋಬರ್ 24, ಭದ್ರತಾ ಮಂಡಳಿಯ ಐದು ಕಾಯಂ ರಾಷ್ಟ್ರಗಳು, ಇವು ಬಾಯಿಪಾಠವೇ. ಅದಕ್ಕೆ ಬೇರೆ ಉಪಾಯವಿಲ್ಲ. ಸುಲಿಯುತ್ತಾ ಸುಲಿಯುತ್ತಾ ಹೇಳಿಸಿದೆ.

ನಾನು ಎಣಿಸದೇ ಇದ್ದ ಕಷ್ಟವೊಂದಿತ್ತು. ಬಾಯಲ್ಲಿ ಚೆಂದ ಉತ್ತರ ಹೇಳುವವರು ಬರೆಯಲು ಕೂತರೆ ಎರಡು ಸಾಲಿಗೆ ನಿಲ್ಲುತ್ತಿದ್ದರು. ಅಭ್ಯಾಸ ತಪ್ಪಿದೆ, ಸರಿಹೋಗುತ್ತದೆ ಎಂದೇ ಎಲ್ಲರೂ ಅಂದುಕೊಂಡಿದ್ದೆವು. ಒಂದು ಸಂಜೆ ತೋಟದ ಕೆಲಸದ ಅಕ್ಕನೊಬ್ಬರು ಪುಸ್ತಕವನ್ನು ಮೊಳದುದ್ದ ದೂರ ಹಿಡಿದು ಓದುತ್ತಿದ್ದುದು ಕಣ್ಣಿಗೆ ಬಿತ್ತು. ಕಣ್ಣು ಪರೀಕ್ಷೆ ಮಾಡಿಸಿದರೆ ನಲವತ್ತು ದಾಟಿದವರಿಗೆಲ್ಲ ಓದುವ ಕನ್ನಡಕ ಬೇಕಿತ್ತು. ಕನ್ನಡಕ ಹಾಕಿಕೊಂಡ ಮೇಲೆ ಅಕ್ಷರವೇ ಬೇರೆಯಾಯಿತು. ದೊಡ್ಡವರ ತರಗತಿ ಮಾಡುವವರು ಮೊದಲ ತಿಂಗಳಲ್ಲೇ ಕಣ್ಣು ತೋರಿಸಿಬಿಡಿ. ಬರವಣಿಗೆಗೆ ನಾನು ಹಿಡಿದ ಕ್ರಮ ಸರಳ. ಮೊದಲು ಪಕ್ಕದವರಿಗೆ ಉತ್ತರವನ್ನು ಬಾಯಲ್ಲಿ ಹೇಳಬೇಕು, ಹೇಳಿದ್ದನ್ನೇ ಬರೆಯಬೇಕು, ಆಮೇಲೆ ಪುಸ್ತಕದ ಪದಗಳನ್ನು ಸೇರಿಸಬೇಕು. ಜನವರಿಯಿಂದ ಗಡಿಯಾರ ಇಟ್ಟು ಪೂರ್ತಿ ಪತ್ರಿಕೆ ಬರೆಸಿದೆ. ಹೊತ್ತು ಹೊತ್ತು ಬರೆದು ಅಭ್ಯಾಸವಿಲ್ಲದ ಕೈ, ಮಧ್ಯದಲ್ಲಿ ಬೆರಳು ಹಿಡಿದುಕೊಳ್ಳುತ್ತಿತ್ತು.

ಬರವಣಿಗೆ ಅಭ್ಯಾಸಕ್ಕೆಂದೇ ಮಾಹಿತಿ ಹಕ್ಕು ಅರ್ಜಿಯನ್ನೂ ಬರೆಸಿದೆ. 2005ರ ಕಾಯ್ದೆ, 10 ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡಿದ್ದರೆ ಅದೂ ಇಲ್ಲ, 30 ದಿನದಲ್ಲಿ ಉತ್ತರ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಈ 150 ಪದದ ಮಿತಿ ನಮಗೆ ವರವಾಯಿತು. ಬೇಡದ್ದನ್ನು ಬಿಟ್ಟು ಬೇಕಾದ್ದನ್ನಷ್ಟೇ ಬರೆಯುವುದು ಅದರಿಂದಲೇ ಬಂತು. ತಮ್ಮ ಕೇರಿಯ ಕುಡಿಯುವ ನೀರಿನ ಕಾಮಗಾರಿಯ ಬಗ್ಗೆ ಇಬ್ಬರು ಬರೆದದ್ದು ಅಭ್ಯಾಸಕ್ಕೆ ನಿಲ್ಲದೆ ನಿಜವಾಗಿಯೂ ಕಚೇರಿಗೆ ಹೋಯಿತು, ಉತ್ತರವೂ ಬಂತು.

ಸ್ವಾತಂತ್ರ್ಯ ಹೋರಾಟದ ಪಾಠದ ದಿನ ಈಸೂರಿನ ಕಥೆ ಹೇಳದೆ ಇರಲಾಗಲಿಲ್ಲ. ಶಿಕಾರಿಪುರ ತಾಲ್ಲೂಕಿನ ಆ ಊರಿನವರು 1942ರ ಸೆಪ್ಟೆಂಬರಿನಲ್ಲಿ ತಾವು ಸ್ವತಂತ್ರ ಎಂದು ಸಾರಿ, ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಎಂದು ನೇಮಿಸಿ ತಮ್ಮದೇ ಸರ್ಕಾರ ನಡೆಸಿದರು. 1943ರಲ್ಲಿ ಅಲ್ಲಿಯ ಐವರಿಗೆ ಗಲ್ಲಾಯಿತು. ಸರ್ಕಾರ ಎಂದರೆ ಯಾರೋ ದೂರದವರು ಎಂದು ಎಣಿಸಿದವರಿಗೆ ನಮ್ಮ ಜಿಲ್ಲೆಯದೇ ಈ ಉದಾಹರಣೆ ನಾನು ಕೊಟ್ಟ ಯಾವ ವ್ಯಾಖ್ಯೆಗಿಂತಲೂ ಹೆಚ್ಚು ತಾಕಿತು.

ಪರೀಕ್ಷಾ ಕೇಂದ್ರ ಸಾಗರದಲ್ಲಿ ಬಿದ್ದಿತ್ತು. ಮಕ್ಕಳ ವಯಸ್ಸಿನವರ ಜೊತೆ ಸಾಲಲ್ಲಿ ನಿಲ್ಲಬೇಕಲ್ಲ ಎಂಬ ಮುಜುಗರ ಹಾಲ್ ಟಿಕೆಟ್ ಕೈಗೆ ಬಂದ ದಿನದಿಂದಲೇ ಶುರುವಾಗಿತ್ತು. ಒಬ್ಬರ ಮನೆಯಲ್ಲಿ ಮಗಳೂ ಅದೇ ವರ್ಷ ಹತ್ತು, ಅಮ್ಮನೂ ಹತ್ತು. ಊರವರ ಮಾತಿಗೆ ಅಂಜಿ ಒಬ್ಬರು ಹಿಂದಿನ ದಿನ ಬರುವುದಿಲ್ಲ ಎಂದೂ ಬಿಟ್ಟರು, ಸದಸ್ಯೆ ಅಕ್ಕ ಮನೆಗೆ ಹೋಗಿ ಕರೆದುಕೊಂಡು ಬಂದರು. ಹಾಲ್ ಟಿಕೆಟ್ಟಿನ ಜೊತೆ ಆಧಾರ್ ಕಾರ್ಡನ್ನೂ ಇಟ್ಟುಕೊಳ್ಳಿ, ಕೇಂದ್ರವನ್ನು ಹಿಂದಿನ ದಿನವೇ ನೋಡಿಬನ್ನಿ, ಓದುವ ಕನ್ನಡಕವನ್ನು ಮರೆಯಬೇಡಿ. ಸಮಾಜ ವಿಜ್ಞಾನದ ದಿನ ಹೊರಗೆ ಬಂದವರು ರಾಜ್ಯಶಾಸ್ತ್ರದ ಒಂದು ಪ್ರಶ್ನೆಯನ್ನೂ ಬಿಟ್ಟಿಲ್ಲ ಎಂದು ಹೇಳಿದಾಗ ನನಗೆ ಆದ ಸಂತೋಷವನ್ನು ಬರೆದು ತಿಳಿಸಲು ಬರುವುದಿಲ್ಲ.

ಫಲಿತಾಂಶದಲ್ಲಿ ಹೆಚ್ಚಿನವರು ಪಾಸು. ಸಮಾಜ ವಿಜ್ಞಾನದಲ್ಲಿ ಎಲ್ಲರೂ. ಗಣಿತದಲ್ಲಿ ಕೆಲವರು ಉಳಿದಿದ್ದಾರೆ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇರುವುದರಿಂದ ಅವರಿಗೆ ಇನ್ನೊಂದು ವರ್ಷ ಕಾಯುವ ಕಷ್ಟವಿಲ್ಲ, ಆದರೆ ಫಲಿತಾಂಶ ಬಂದ ಬೆನ್ನಿಗೇ ಪರೀಕ್ಷೆ-2ರ ಅರ್ಜಿಯ ಗಡುವು ಬರುತ್ತದೆ, ಬೇಸರದಲ್ಲಿ ಮನೆಯಲ್ಲಿ ಕೂತವರನ್ನು ಆ ವಾರವೇ ಹೋಗಿ ಕರೆತನ್ನಿ. ನಮ್ಮವರ ಅರ್ಜಿ ಹಾಕಿಸಿಯಾಗಿದೆ. ಅಂಗನವಾಡಿ ಕೆಲಸದ ಆಸೆಯ ತಂಗಿ ಅಂಕಪಟ್ಟಿಯ ನಕಲು ತೆಗೆಸಿಟ್ಟುಕೊಂಡು ಮುಂದಿನ ಪ್ರಕಟಣೆ ಕಾಯುತ್ತಿದ್ದಾಳೆ. ಸದಸ್ಯೆ ಅಕ್ಕನ ಅವಧಿ ಮುಗಿದಿದೆ, ಈ ಸಲದ ಗ್ರಾಮಸಭೆಗೆ ಊರವರ ಜೊತೆ ಕೆಳಗೆ ಕೂರುತ್ತೇನೆ, ಕ್ರಿಯಾಯೋಜನೆಯ ಪ್ರತಿ ಓದಿ ಹೇಳಿ ಎಂದು ಕೇಳುತ್ತೇನೆ ಅನ್ನುತ್ತಿದ್ದಾರೆ. ಗಣಿತದವರಿಗೆ ಸೋಮವಾರದಿಂದ ಮತ್ತೆ ತರಗತಿ.